ಇಲ್ಫರ್ಡ್‌ನ ವಾರ್ಡನ್ ಲೆನರ್ಡ್ ಮೈಲ್ಸ್: ಒಂದು ಪ್ರಕರಣ ಅಧ್ಯಯನ

ಪ್ರಕರಣದ ಸಂಗತಿ

1940ರ ಸೆಪ್ಟೆಂಬರ್ 21, ಶನಿವಾರ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳು ಲಂಡನ್ನಿನ ಮೇಲೆ ಬಾಂಬು ಸುರಿಸುತ್ತಿದ್ದ ದಿನಗಳು. ಲಂಡನ್ನಿನ ಪೂರ್ವದ ಅಂಚಿನಲ್ಲಿದ್ದು, ಆಗಿನ್ನೂ ಎಸೆಕ್ಸ್ ಕೌಂಟಿಗೆ ಸೇರಿದ್ದ ಇಲ್ಫರ್ಡ್ ಪಟ್ಟಣದಲ್ಲಿ ಲೆನರ್ಡ್ ಜಾನ್ ಮೈಲ್ಸ್ ಎಂಬ ವಾಯುದಾಳಿ ವಾರ್ಡನ್ ತಮ್ಮ ಪಾಳಿಯಲ್ಲಿದ್ದರು. ಹತ್ತಿರದಲ್ಲೇ ಬಾಂಬು ಬಿತ್ತು. ಇನ್ನೇನು ಸ್ಫೋಟವಾಗಲಿದೆ ಎಂಬುದು ಅವರಿಗೆ ಗೊತ್ತಿತ್ತು. ಕೆಲವೇ ಗಜಗಳ ದೂರದಲ್ಲಿ ಸಾರ್ವಜನಿಕ ಆಶ್ರಯತಾಣವಿದ್ದರೂ ಅದನ್ನು ಬಿಟ್ಟು, ಅಕ್ಕಪಕ್ಕದ ಮನೆಗಳವರನ್ನು ಎಚ್ಚರಿಸಲು ಅವರು ಅಪಾಯವಿದ್ದ ಕಡೆಗೇ ಓಡಿದರು. ಎಚ್ಚರಿಸುತ್ತಿರುವಾಗಲೇ ಬಾಂಬು ಸಿಡಿಯಿತು. ಜೊತೆಯ ವಾರ್ಡನ್ ಒಬ್ಬರು ಓಡಿಬಂದಾಗ ಮೈಲ್ಸ್ ಅವರಿಗೆ ಇನ್ನೂ ಪ್ರಜ್ಞೆಯಿತ್ತು. ತೀವ್ರ ನೋವಿನಲ್ಲಿದ್ದರೂ, ತನ್ನನ್ನು ಆಮೇಲೆ ನೋಡಿ, ಮೊದಲು ಒಡೆದ ಗ್ಯಾಸ್ ಕೊಳವೆಯಿಂದ ಹತ್ತಿಕೊಂಡಿರುವ ಬೆಂಕಿಯ ಕಡೆ ಗಮನ ಕೊಡಿ ಎಂದು ಅವರು ಒತ್ತಾಯಿಸಿದರು. ಆ ಗಾಯಗಳಿಂದ ಅವರು ಬದುಕುಳಿಯಲಿಲ್ಲ.

ಮುಂದೆ ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕ ಸಂದಿತು. ಪದಕದ ಜೊತೆಗೆ ಗೆಜೆಟ್‌ನಲ್ಲಿ ಪ್ರಕಟವಾದ ಒಕ್ಕಣೆ ಕೆಲವೇ ಸಾಲುಗಳದ್ದು. ಅದರಲ್ಲಿ ಬರುವ ಒಂದು ಮಾತು ಓದುವವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ: ಅವರು ಎಚ್ಚರಿಸಲು ಹೋದ ಮನೆಗಳಲ್ಲಿ ಜನರಿದ್ದಾರೆ ಎಂಬುದು ಅವರಿಗೆ ಮೊದಲೇ ತಿಳಿದಿತ್ತು. ನನ್ನ ಎಣಿಕೆಯಲ್ಲಿ ಇಡೀ ಪ್ರಕರಣ ನಿಂತಿರುವುದು ಈ ತಿಳಿವಳಿಕೆಯ ಮೇಲೆ. ಆ ತಿಳಿವಳಿಕೆ ಎಲ್ಲಿಂದ ಬಂತು, ಅದು ಒಬ್ಬ ಮನುಷ್ಯನನ್ನು ಯಾವ ಕಡೆಗೆ ತಳ್ಳಿತು ಎಂಬುದನ್ನು ಬಿಡಿಸಿ ನೋಡುವುದು ಈ ಬರಹದ ಕೆಲಸ.

ವಾರ್ಡನ್ ಎಂಬ ಕೆಲಸ

ವಾರ್ಡನ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹಾಸ್ಟೆಲ್ ವಾರ್ಡನ್. ರಾತ್ರಿ ಎಷ್ಟು ಹೊತ್ತಿಗೆ ದೀಪ ಆರಿಸಬೇಕು, ಯಾರು ಒಳಗಿದ್ದಾರೆ, ಯಾರು ಊರಿಗೆ ಹೋಗಿದ್ದಾರೆ ಎಂದು ಲೆಕ್ಕ ಇಡುವ ಮನುಷ್ಯ. ವಿಚಿತ್ರವೆಂದರೆ ಬ್ರಿಟನ್ನಿನ ವಾಯುದಾಳಿ ವಾರ್ಡನ್ ಮಾಡುತ್ತಿದ್ದುದೂ ಬಹುಪಾಲು ಇದನ್ನೇ, ಹಾಸ್ಟೆಲಿನ ಬದಲು ನಾಲ್ಕಾರು ಬೀದಿಗಳಿಗೆ.

ಈ ಸೇವೆ ಆರಂಭವಾದದ್ದು 1937ರ ಏಪ್ರಿಲ್‌ನಲ್ಲಿ. ಅದೇ ವರ್ಷ ಅಂಗೀಕಾರವಾದ ವಾಯುದಾಳಿ ಮುನ್ನೆಚ್ಚರಿಕೆ ಕಾಯಿದೆ 1938ರ ಜನವರಿ 1ರಿಂದ ಜಾರಿಗೆ ಬಂದು, ಸ್ಥಳೀಯ ಆಡಳಿತಗಳ ಮೇಲೆ ಈ ಸಿದ್ಧತೆಯ ಹೊಣೆ ಹೊರಿಸಿತು. ಎ.ಆರ್.ಪಿ. (ಏರ್ ರೇಡ್ ಪ್ರಿಕಾಷನ್ಸ್, ಅಂದರೆ ವಾಯುದಾಳಿ ಮುನ್ನೆಚ್ಚರಿಕೆ) ಎಂಬ ಮೂರಕ್ಷರ ಮನೆಮಾತಾದದ್ದು ಆಗ. ಸೇರಿದವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಅರೆಕಾಲಿಕ ಸ್ವಯಂಸೇವಕರು. ಹಗಲು ತಮ್ಮ ತಮ್ಮ ಉದ್ಯೋಗ ಮಾಡಿ, ರಾತ್ರಿ ಪಾಳಿಯ ಪ್ರಕಾರ ಹೆಲ್ಮೆಟ್ ಹಾಕಿಕೊಂಡು ಬರುತ್ತಿದ್ದ ಜನ ಇವರು. ಪೂರ್ಣಾವಧಿಯ ಗಂಡಸರಿಗೆ ವಾರಕ್ಕೆ 3 ಪೌಂಡ್, ಹೆಂಗಸರಿಗೆ 2 ಪೌಂಡ್ ಕೊಡುತ್ತಿದ್ದರು. ಆರು ಮಂದಿ ವಾರ್ಡನ್‌ಗಳಲ್ಲಿ ಒಬ್ಬರಷ್ಟು ಮಹಿಳೆಯರೇ ಇದ್ದರು; ಬಾಂಬಿಗಾದರೆ ಈ ಸಂಬಳದ ತಾರತಮ್ಯ ಇರಲಿಲ್ಲ.

ಲಂಡನ್ನಿನಲ್ಲಿ ಚದರ ಮೈಲಿಗೆ ಹತ್ತರ ಆಸುಪಾಸಿನ ಲೆಕ್ಕದಲ್ಲಿ ವಾರ್ಡನ್ ಪೋಸ್ಟ್‌ಗಳಿದ್ದವು. ಪೋಸ್ಟ್ ಎಂದರೆ ದೊಡ್ಡ ಕಚೇರಿ ಎಂದುಕೊಳ್ಳಬೇಕಿಲ್ಲ. ಯಾರದೋ ಮನೆಯ ಮುಂದಿನ ಕೋಣೆ, ಅಂಗಡಿಯ ಒಂದು ಮೂಲೆ, ಇಲ್ಲವೇ ಮರಳು ಚೀಲ ಪೇರಿಸಿದ ಇಟ್ಟಿಗೆಯ ಗೂಡು. ಒಂದು ಟೆಲಿಫೋನ್, ಗೋಡೆಯ ಮೇಲೆ ಬೀದಿಯ ನಕ್ಷೆ, ಚಹಾದ ಕೆಟಲ್. ವಾರ್ಡನ್ ಬಳಿ ಇರುತ್ತಿದ್ದ ಸಾಮಾನು ಇನ್ನೂ ಕಡಿಮೆ: ಮುಂಭಾಗದಲ್ಲಿ ಬಿಳಿ ಬಣ್ಣದ ‘ಡಬ್ಲ್ಯೂ’ ಅಕ್ಷರ ಬರೆದ ಉಕ್ಕಿನ ಹೆಲ್ಮೆಟ್, ವಿಷಾನಿಲದ ಮುಖವಾಡ, ಸೀಟಿ, ಬೆಳಕು ಹರಡದಂತೆ ಬಾಯಿ ಕಟ್ಟಿದ ಟಾರ್ಚು, ತೋಳುಪಟ್ಟಿ. ಅದರ ಜೊತೆಗೆ ಮರದ ಗಿರಗಟ್ಟೆಯೊಂದಿತ್ತು. ಹಿಡಿ ತಿರುಗಿಸಿದರೆ ಕಟಕಟ ಎಂದು ಬೀದಿಯ ಕೊನೆಯವರೆಗೆ ಕೇಳುವ, ಜಾತ್ರೆಯಲ್ಲಿ ಮಕ್ಕಳು ತಿರುಗಿಸುವ ಆಟಿಕೆಯ ದೊಡ್ಡಣ್ಣನಂಥ ಸಾಧನ. ಶತ್ರು ವಿಷಾನಿಲ ಬಿಟ್ಟರೆ ಎಚ್ಚರಿಸಲು ಅದು. ಅನಿಲ ಸರಿದ ಮೇಲೆ ತಿಳಿಸಲು ಕೈಗಂಟೆ. ತರಬೇತಿಯ ದೊಡ್ಡ ಪಾಲು ಮೀಸಲಾಗಿದ್ದುದೂ ವಿಷಾನಿಲಕ್ಕೇ. ಮಸ್ಟರ್ಡ್ ಗ್ಯಾಸ್ ಬೆಳ್ಳುಳ್ಳಿಯಂತೆ, ಫಾಸ್ಜೀನ್ ಮುಗ್ಗಲು ಹುಲ್ಲಿನಂತೆ ವಾಸನೆ ಬರುತ್ತದೆ ಎಂದು ಬಾಯಿಪಾಠ ಮಾಡಿಸುತ್ತಿದ್ದರು. ಬ್ರಿಟನ್ನಿನ ಮೇಲೆ ಆ ಅನಿಲ ಕಡೆಗೂ ಬೀಳಲಿಲ್ಲ; ಗಿರಗಟ್ಟೆಗಳು ಯುದ್ಧ ಮುಗಿಯುವವರೆಗೆ ಗೂಟದಲ್ಲೇ ತೂಗುಬಿದ್ದವು.

ಆದರೆ ಈ ಕೆಲಸದ ನಿಜವಾದ ಬಂಡವಾಳವಿದ್ದುದು ಸಾಮಾನಿನಲ್ಲಿ ಅಲ್ಲ, ಪರಿಚಯದಲ್ಲಿ. ತನ್ನ ವ್ಯಾಪ್ತಿಯ ಪ್ರತಿ ಮನೆಯಲ್ಲಿ ಎಷ್ಟು ಜನ, ಅವರಲ್ಲಿ ಮುದುಕರು, ಹಾಸಿಗೆ ಹಿಡಿದವರು, ಕೂಸುಗಳು ಎಷ್ಟು, ದಾಳಿಯ ಹೊತ್ತಿಗೆ ಯಾರು ಹಿತ್ತಲಿನ ಆಶ್ರಯಕ್ಕೆ ಹೋಗುತ್ತಾರೆ, ಯಾರು ಮೆಟ್ಟಿಲ ಕೆಳಗೆ ಮುದುಡಿಕೊಳ್ಳುತ್ತಾರೆ, ಯಾರು ಹಾಸಿಗೆ ಬಿಟ್ಟು ಏಳುವುದೇ ಇಲ್ಲ ಎಂಬುದನ್ನು ವಾರ್ಡನ್ ತಿಳಿದಿರಬೇಕಿತ್ತು. ಮನೆ ಕುಸಿದರೆ ರಕ್ಷಣಾ ತಂಡ ಬಂದು ಮೊದಲು ಕೇಳುವ ಪ್ರಶ್ನೆ ಇದೇ: ಒಳಗೆ ಎಷ್ಟು ಜನ, ಯಾವ ಮೂಲೆಯಲ್ಲಿ? ಅದಕ್ಕೆ ಉತ್ತರವಿದ್ದರೆ ಅಗೆಯುವವರಿಗೆ ಎಲ್ಲಿ ಅಗೆಯಬೇಕೆಂದು ತಿಳಿಯುತ್ತಿತ್ತು. ಇಲ್ಲದಿದ್ದರೆ ಖಾಲಿ ಮನೆಯ ಇಟ್ಟಿಗೆ ಎತ್ತುತ್ತ ಹೊತ್ತು ಕಳೆಯುತ್ತಿತ್ತು, ಪಕ್ಕದ ಮನೆಯಲ್ಲಿ ಜೀವ ಹೋಗುತ್ತಿತ್ತು.

ಇಷ್ಟು ವಿವರ ಕೇಳುವವನ ಮೇಲೆ ಊರಿಗೆ ಪ್ರೀತಿ ಇರುವುದಿಲ್ಲ. 1939ರ ಸೆಪ್ಟೆಂಬರ್ 1ರಿಂದ ದೇಶವಿಡೀ ದೀಪ ಮರೆಮಾಡುವ ಬ್ಲ್ಯಾಕ್‌ಔಟ್ ಜಾರಿಯಾಯಿತು. ಅದಾದ ಮೇಲೆ ಸುಮಾರು ಒಂದು ವರ್ಷ ಲಂಡನ್ನಿನ ಮೇಲೆ ಹೇಳಿಕೊಳ್ಳುವಂಥ ದಾಳಿಯೇ ಆಗಲಿಲ್ಲ. ಆ ಅವಧಿಯಲ್ಲಿ ವಾರ್ಡನ್ ಎಂದರೆ ಕಿಟಕಿಯ ಪರದೆಯ ಸಂದಿನಲ್ಲಿ ಒಂದೆಳೆ ಬೆಳಕು ಕಂಡರೂ ಬಾಗಿಲು ಬಡಿದು ಗದರುವವನು, ಊರ ಉಸಾಬರಿಯವನು, ಸೈನ್ಯಕ್ಕೆ ಹೋಗದೆ ಬಿಟ್ಟಿ ಸಂಬಳ ತಿನ್ನುವವನು ಎಂಬ ಮಾತು ಬೀದಿಯಲ್ಲೂ ಪತ್ರಿಕೆಗಳಲ್ಲೂ ಧಾರಾಳವಾಗಿತ್ತು. ಅವನಿಗೆ ಪೊಲೀಸರ ಅಧಿಕಾರವೂ ಇರಲಿಲ್ಲ. ಹೇಳಿದ್ದನ್ನು ಜನ ಕೇಳಬೇಕಾದರೆ ಆ ಮುಖ ಪರಿಚಿತವಾಗಿರಬೇಕು, ಅಷ್ಟೇ. ನಮ್ಮಲ್ಲಿ ಜನಗಣತಿಗೆ ಬರುವ ಶಾಲೆಯ ಮೇಷ್ಟರನ್ನು ಜಗಲಿಯಲ್ಲೇ ನಿಲ್ಲಿಸಿ, ನಿಮಗೇಕೆ ಇದೆಲ್ಲ ಎಂದು ಕೇಳುವವರನ್ನು ಕಂಡವರಿಗೆ ಆ ವಾರ್ಡನ್‌ನ ಪಾಡು ಅರ್ಥವಾದೀತು.

ಮನೆಯಲ್ಲೇ ಉಳಿದವರು

ಲಂಡನ್ನಿನ ಮೇಲಿನ ಬಾಂಬ್ ದಾಳಿಯ ಸರಣಿ, ಅಂದರೆ ಬ್ಲಿಟ್ಜ್, ಶುರುವಾದದ್ದು 1940ರ ಸೆಪ್ಟೆಂಬರ್ 7ರ ಶನಿವಾರ. ಅಲ್ಲಿಂದ ಸತತವಾಗಿ 57 ರಾತ್ರಿ ನಗರದ ಮೇಲೆ ದಾಳಿ ನಡೆಯಿತು. ಮೈಲ್ಸ್ ಅವರ ಪ್ರಕರಣ ನಡೆದಾಗ ಸರಿಯಾಗಿ ಎರಡು ವಾರವಾಗಿತ್ತು. ಆ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಸತ್ತ ನಾಗರಿಕರು ಏಳು ಸಾವಿರದಷ್ಟು.

ಇಲ್ಫರ್ಡ್ ಹಡಗುಕಟ್ಟೆಗಳ ಊರಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಸಾಲು ಸಾಲಾಗಿ ಎದ್ದ ಮನೆಗಳಿಂದ, ರೈಲು ಹಿಡಿದು ಲಂಡನ್ನಿನ ಕಚೇರಿಗಳಿಗೆ ಹೋಗುವ ಕುಟುಂಬಗಳಿಂದ ಬೆಳೆದ ಊರು. 1926ರಲ್ಲಿ ಅದಕ್ಕೆ ಪುರಸಭೆಯ ಸ್ಥಾನ ಬಂದಿತ್ತು. ಆದರೆ ಥೇಮ್ಸ್ ದಂಡೆಯ ಹಡಗುಕಟ್ಟೆಗಳೂ ಕಾರ್ಖಾನೆಗಳೂ ದಕ್ಷಿಣಕ್ಕೆ ಕೆಲವೇ ಮೈಲಿ ದೂರದಲ್ಲಿದ್ದವು. ಕತ್ತಲಲ್ಲಿ ಮೇಲಿನಿಂದ ಉದುರಿಸಿದ ಬಾಂಬು ಕೆಲವು ಮೈಲಿ ತಪ್ಪುವುದು ಆಗಿನ ವಿಮಾನಗಳ ಮಟ್ಟಿಗೆ ಸಾಮಾನ್ಯ ಸಂಗತಿ.

ಇಂಥ ಊರಿನ ಜನ ದಾಳಿಯ ಹೊತ್ತಿಗೆ ಎಲ್ಲಿರುತ್ತಿದ್ದರು? ಬ್ಲಿಟ್ಜ್ ಎಂದರೆ ಸುರಂಗ ರೈಲು ನಿಲ್ದಾಣಗಳಲ್ಲಿ ಸಾಲಾಗಿ ಮಲಗಿದ ಜನರ ಚಿತ್ರವೇ ಕಣ್ಣಿಗೆ ಬರುತ್ತದೆ. ಅದೇ ವರ್ಷದ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ನಡೆಸಿದ ಎಣಿಕೆ ಬೇರೆಯದನ್ನೇ ಹೇಳಿತು: ಸುರಂಗ ನಿಲ್ದಾಣಗಳಲ್ಲಿ ಶೇ. 4, ಸಾರ್ವಜನಿಕ ಆಶ್ರಯತಾಣಗಳಲ್ಲಿ ಶೇ. 9, ಮನೆಯ ಹಿತ್ತಲಿನ ಆಂಡರ್ಸನ್ ಶೆಲ್ಟರ್‌ನಂಥ ಸ್ವಂತ ಆಶ್ರಯಗಳಲ್ಲಿ ಶೇ. 27. ಉಳಿದವರಲ್ಲಿ ಕೆಲಸದ ಪಾಳಿಯಲ್ಲಿದ್ದವರನ್ನು ಬಿಟ್ಟರೆ ಮಿಕ್ಕವರೆಲ್ಲ ಮನೆಯಲ್ಲೇ ಇದ್ದರು. ಆಂಡರ್ಸನ್ ಶೆಲ್ಟರ್ ಎಂದರೆ ಅಲೆಯಲೆಯಾದ ಉಕ್ಕಿನ ತಗಡುಗಳನ್ನು ಜೋಡಿಸಿ, ಸುಮಾರು 4 ಅಡಿ ನೆಲದೊಳಗೆ ಹೂತು, ಮೇಲೆ ಮಣ್ಣು ಮುಚ್ಚಿದ ಆರು ಜನರ ಗೂಡು. ವರ್ಷಕ್ಕೆ 250 ಪೌಂಡಿಗಿಂತ ಕಡಿಮೆ ಆದಾಯದವರಿಗೆ ಅದನ್ನು ಸರ್ಕಾರ ಉಚಿತವಾಗಿ ಕೊಟ್ಟಿತ್ತು. ಮಳೆ ಬಂದರೆ ಅದರೊಳಗೆ ನೀರು ನಿಲ್ಲುತ್ತಿತ್ತು. ಹೀಗಾಗಿ ಹಿತ್ತಲಿನಲ್ಲಿ ಶೆಲ್ಟರ್ ಇದ್ದೂ ಹಾಸಿಗೆಯಲ್ಲೇ ಮಲಗುವ ಮನೆಗಳು ಪ್ರತಿ ಬೀದಿಯಲ್ಲೂ ಇರುತ್ತಿದ್ದವು.

ಎಲ್ಲರೂ ನಿಯಮದಂತೆ ಆಶ್ರಯಕ್ಕೆ ಹೋಗಿದ್ದಾರೆ ಎಂದು ನಂಬಿಕೊಳ್ಳುವ ಸೌಕರ್ಯ ಮೈಲ್ಸ್ ಅವರಿಗೆ ಏಕೆ ಇರಲಿಲ್ಲ ಎಂಬುದು ಈ ಅಂಕಿಗಳಿಂದ ಸ್ಪಷ್ಟವಾಗುತ್ತದೆ. ನಿಯಮ ಹೇಳುವುದು ಒಂದು, ಬೀದಿ ಬದುಕುವುದು ಇನ್ನೊಂದು ಎಂಬುದನ್ನು ಪ್ರತಿದಿನ ಬಾಗಿಲು ಬಡಿಯುವವನಿಗಿಂತ ಚೆನ್ನಾಗಿ ಬಲ್ಲವರು ಬೇರೆ ಇರಲಿಲ್ಲ.

ಬಾಂಬು ಬಿದ್ದದ್ದಕ್ಕೂ ಸಿಡಿದದ್ದಕ್ಕೂ ನಡುವೆ

ಬಾಂಬು ನೆಲ ಮುಟ್ಟಿದೊಡನೆ ಸಿಡಿದಿದ್ದರೆ ಈ ಪ್ರಕರಣದಲ್ಲಿ ಆಯ್ಕೆ ಎಂಬುದೇ ಹುಟ್ಟುತ್ತಿರಲಿಲ್ಲ. ಒಕ್ಕಣೆಯ ಪ್ರಕಾರ ಬೀಳುವುದಕ್ಕೂ ಸಿಡಿಯುವುದಕ್ಕೂ ನಡುವೆ ಒಂದು ಬಿಡುವಿತ್ತು, ಮತ್ತು ಆ ಬಿಡುವಿನ ಅರ್ಥವೇನೆಂದು ಮೈಲ್ಸ್ ಅವರಿಗೆ ಗೊತ್ತಿತ್ತು.

ಆ ತಿಂಗಳು ಲಂಡನ್ನಿಗೆ ಈ ಬಿಡುವಿನ ಪರಿಚಯ ಚೆನ್ನಾಗಿ ಆಗಿತ್ತು. ಜರ್ಮನ್ನರ ಕೆಲವು ಬಾಂಬುಗಳಲ್ಲಿ ಗಡಿಯಾರದ ಯಂತ್ರವಿರುವ ಫ್ಯೂಸ್ ಇರುತ್ತಿತ್ತು. ಅದನ್ನು ಮೂರು ದಿನಗಳವರೆಗೂ ತಡವಾಗಿ ಸಿಡಿಯುವಂತೆ ಹೊಂದಿಸಬಹುದಿತ್ತು. ಬೇರೆ ಕೆಲವು ಫ್ಯೂಸ್ ಕೆಟ್ಟು ಸಿಡಿಯದೆ ಕೂತಿರುತ್ತಿದ್ದವು. ಯಾವುದು ಕೆಟ್ಟದ್ದು, ಯಾವುದು ಕಾಯುತ್ತಿರುವುದು ಎಂದು ಹೊರಗಿನಿಂದ ನೋಡಿ ಹೇಳುವಂತಿರಲಿಲ್ಲ. ಸೆಪ್ಟೆಂಬರ್ 12ರಂದು ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಪಕ್ಕದಲ್ಲಿ ನೆಲದಾಳಕ್ಕೆ ಇಳಿದು ಕೂತ ಒಂದು ಬಾಂಬನ್ನು ಲೆಫ್ಟಿನೆಂಟ್ ರಾಬರ್ಟ್ ಡೇವಿಸ್ ಅವರ ಸೇನಾ ತಂಡ ಮೂರು ದಿನ ಅಗೆದು ತೆಗೆದು, ಲಾರಿಯಲ್ಲಿ ಹ್ಯಾಕ್ನಿಯ ಬಯಲಿಗೆ ಸಾಗಿಸಿ ಸಿಡಿಸಿತ್ತು. ಇದರ ಜೊತೆಗೆ, ಸಮುದ್ರದಲ್ಲಿ ಹಡಗು ಒಡೆಯಲೆಂದು ಮಾಡಿದ್ದ ಭಾರಿ ಮೈನುಗಳನ್ನು ಪ್ಯಾರಾಚೂಟಿಗೆ ಕಟ್ಟಿ ಊರ ಮೇಲೆ ಇಳಿಬಿಡುವುದೂ ಆ ಸೆಪ್ಟೆಂಬರ್‌ನಲ್ಲೇ ಶುರುವಾಗಿತ್ತು.

ಸಿಡಿಯದ ಬಾಂಬು ಕಂಡರೆ ವಾರ್ಡನ್ ಅದನ್ನು ಮುಟ್ಟಬಾರದು. ವರದಿ ಕಳಿಸಬೇಕು, ಬೀದಿಗೆ ತಡೆ ಹಾಕಬೇಕು, ಪೊಲೀಸರೊಂದಿಗೆ ಸೇರಿ ಅಕ್ಕಪಕ್ಕದ ಮನೆಗಳನ್ನು ಖಾಲಿ ಮಾಡಿಸಬೇಕು. ಉಳಿದದ್ದು ಸೈನ್ಯದ ಎಂಜಿನಿಯರುಗಳ ಅಥವಾ ನೌಕಾಪಡೆಯವರ ಕೆಲಸ. ಇದು ಕಾಗದದ ಮೇಲಿನ ಅನುಕ್ರಮ. ಮೈಲ್ಸ್ ಅವರಿಗೆ ಸಿಕ್ಕಿದ್ದು ಇಷ್ಟೆಲ್ಲ ಮಾಡುವಷ್ಟು ಸಮಯವಲ್ಲ. ಅನುಕ್ರಮದಲ್ಲಿ ಒಂದನ್ನು ಮಾತ್ರ ಮಾಡಬಹುದು ಎಂಬಾಗ ಅವರು ಮನೆ ಖಾಲಿ ಮಾಡಿಸುವುದನ್ನು ಆರಿಸಿಕೊಂಡರು.

ಆ ಆಯ್ಕೆಯನ್ನು ತೂಗಿ ನೋಡೋಣ. ಬಯಲಲ್ಲಿ ಓಡುವ ಮನುಷ್ಯನಿಗೆ ಸ್ಫೋಟದ ಒತ್ತಡದಿಂದಾಗಲಿ, ಹಾರುವ ಚೂರುಗಳಿಂದಾಗಲಿ ಯಾವ ಮರೆಯೂ ಇಲ್ಲ. ಹೆಲ್ಮೆಟ್ ತಲೆಯ ಮೇಲೆ ಬೀಳುವುದನ್ನು ತಡೆದೀತು, ಪಕ್ಕದಿಂದ ಬರುವುದನ್ನಲ್ಲ. ಮನೆಯೊಳಗಿದ್ದವರಿಗೆ ಅಪಾಯ ಹೆಚ್ಚಾಗಿ ಎರಡು ಬಗೆಯದು, ಕಿಟಕಿಯ ಗಾಜು ಮತ್ತು ಕುಸಿಯುವ ಗೋಡೆ. ಎರಡು ಕ್ಷಣ ಮೊದಲು ಸುದ್ದಿ ತಿಳಿದರೂ ಕಿಟಕಿಯಿಂದ ಸರಿಯಬಹುದು, ಮೆಟ್ಟಿಲ ಕೆಳಗೆ ಹೋಗಬಹುದು, ಮಗುವನ್ನು ಎಳೆದುಕೊಂಡು ಮೇಜಿನ ಅಡಿ ನುಸುಳಬಹುದು. ಅಂದರೆ ಎಚ್ಚರಿಕೆಯ ಕೂಗಿನಿಂದ ಕೇಳುವವರಿಗೆ ಆಗುವ ಉಪಯೋಗ ದೊಡ್ಡದು, ಕೂಗುವವನು ತೆರುವ ಬೆಲೆಯೂ ದೊಡ್ಡದು. ಅವರು ಲೆಕ್ಕ ತಪ್ಪಿದರು ಎಂದು ಹೇಳಲು ನನಗೆ ಕಾರಣ ಕಾಣುವುದಿಲ್ಲ. ಲೆಕ್ಕದಲ್ಲಿ ತಮ್ಮನ್ನು ಕೊನೆಗೆ ಇಟ್ಟುಕೊಂಡಿದ್ದರು, ಅಷ್ಟೇ.

ವೃತ್ತಿಯ ದೃಷ್ಟಿಯಿಂದ ಕೇಳಬಹುದಾದ ಒಂದು ಆಕ್ಷೇಪವಿದೆ. ಬೀದಿಯ ವಿವರವೆಲ್ಲ ಯಾರ ತಲೆಯಲ್ಲಿದೆಯೋ ಆ ಮನುಷ್ಯ ಸತ್ತರೆ ರಕ್ಷಣಾ ತಂಡ ಯಾರನ್ನು ಕೇಳಬೇಕು? ವಾರ್ಡನ್ ಮೊದಲು ತಾನು ಉಳಿದು, ಆಮೇಲೆ ಉಳಿಸಬೇಕಲ್ಲವೇ? ಮಾತು ಸರಿಯಾದದ್ದೇ, ಈಗಿನ ವಿಪತ್ತು ನಿರ್ವಹಣೆಯ ತರಬೇತಿಗಳಲ್ಲೂ ಇದನ್ನೇ ಹೇಳಿಕೊಡುತ್ತಾರೆ. ಆದರೆ ಒಂದು ಪೋಸ್ಟಿಗೆ ಒಬ್ಬನೇ ವಾರ್ಡನ್ ಇರುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಮೈಲ್ಸ್ ಅವರ ಬಳಿಗೆ ಸ್ಫೋಟವಾದ ಮೇಲೆ ಇನ್ನೊಬ್ಬ ವಾರ್ಡನ್ ಬಂದರು ಎಂಬುದೇ ಇದಕ್ಕೆ ಸಾಕ್ಷಿ. ಒಳಗಿದ್ದವರ ಲೆಕ್ಕ ಉಳಿಯುವಂತೆ ವ್ಯವಸ್ಥೆ ಮಾಡಲಾಗಿತ್ತು. ಲೆಕ್ಕ ಉಳಿದು ಜನ ಸಾಯುವುದನ್ನು ತಪ್ಪಿಸಲು ಮಾತ್ರ ಆ ಕ್ಷಣದಲ್ಲಿ ಅಲ್ಲಿ ಬೇರೆ ಯಾರೂ ಇರಲಿಲ್ಲ.

ಗ್ಯಾಸ್ ಕೊಳವೆ

ಪ್ರಕರಣದ ಎರಡನೆಯ ಭಾಗವನ್ನು, ಅಂದರೆ ನೆಲಕ್ಕೆ ಬಿದ್ದ ಮೇಲೆ ಮೈಲ್ಸ್ ಅವರು ಹೇಳಿದ್ದನ್ನು, ಸಾಮಾನ್ಯವಾಗಿ ತ್ಯಾಗದ ಮಾತಾಗಿ ಓದುತ್ತಾರೆ. ಅದು ತ್ಯಾಗವೇ. ಆದರೆ ಅದರಲ್ಲಿ ಕಸುಬಿನ ತಿಳಿವಳಿಕೆಯೂ ಅಷ್ಟೇ ಇದೆ, ಹೊಗಳಿಕೆಯ ಭರದಲ್ಲಿ ಅದು ಮರೆಯಾಗಬಾರದು.

ಆ ಕಾಲದ ಅಡುಗೆ ಅನಿಲ ಕಲ್ಲಿದ್ದಲನ್ನು ಕಾಸಿ ತಯಾರಿಸಿದ್ದು. ಅದರಲ್ಲಿ ಹೈಡ್ರೋಜನ್, ಮೀಥೇನ್ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಕೂಡ ಇರುತ್ತಿತ್ತು, ಉಸಿರಾಡಿದರೆ ಸಾವು. ಬೀದಿಯ ಅಡಿಯ ಮುಖ್ಯ ಕೊಳವೆ ಒಡೆದರೆ ಗ್ಯಾಸ್ ಕುಸಿದ ಮನೆಗಳ ಸಂದಿಗೊಂದಿಗಳಿಗೆ ತುಂಬಿ, ಮೈಮೇಲೆ ಒಂದು ಗೀರೂ ಇಲ್ಲದೆ ಸಿಕ್ಕಿಕೊಂಡಿದ್ದವರು ಅಲ್ಲೇ ಉಸಿರು ಕಟ್ಟಿ ಸಾಯುತ್ತಿದ್ದರು. ಹತ್ತಿಕೊಂಡರೆ ಬೆಂಕಿ ಮನೆಯಿಂದ ಮನೆಗೆ ಹಬ್ಬುತ್ತಿತ್ತು. ಕತ್ತಲಾದರಂತೂ, ಇಡೀ ಪ್ರದೇಶ ಒಂದು ಬೆಂಕಿಕಡ್ಡಿಯ ಬೆಳಕೂ ಕಾಣದಂತೆ ಕವುಚಿಕೊಂಡಿರುವಾಗ ಆಳೆತ್ತರ ಉರಿಯುವ ಗ್ಯಾಸಿನ ಜ್ವಾಲೆ ಮುಂದಿನ ವಿಮಾನಗಳಿಗೆ ಇಲ್ಲಿ ಹಾಕಿ ಎಂದು ಕೈ ಬೀಸಿದಂತೆ. ಒಡೆದ ಗ್ಯಾಸ್ ಕೊಳವೆ ಹೀಗೆ ಒಬ್ಬ ಗಾಯಾಳುವಿನ ಪ್ರಶ್ನೆಯಾಗಿರದೆ ಒಂದು ಬೀದಿಯ ಪ್ರಶ್ನೆಯಾಗಿತ್ತು.

ವಾರ್ಡನ್ ಪೋಸ್ಟಿನಿಂದ ನಿಯಂತ್ರಣ ಕೇಂದ್ರಕ್ಕೆ ಹೋಗಬೇಕಿದ್ದ ಮೊದಲ ವರದಿಯ ನಮೂನೆಯನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಬಾಂಬು ಬಿದ್ದ ಸ್ಥಳ, ಬಾಂಬಿನ ಬಗೆ, ಗಾಯಾಳುಗಳ ಅಂದಾಜು ಸಂಖ್ಯೆ, ಅವಶೇಷದಡಿ ಸಿಕ್ಕಿಕೊಂಡವರಿದ್ದಾರೆಯೇ, ಬೆಂಕಿ ಇದೆಯೇ, ನೀರು, ಗ್ಯಾಸ್, ವಿದ್ಯುತ್, ಚರಂಡಿ ಇವುಗಳಲ್ಲಿ ಯಾವುದು ಒಡೆದಿದೆ, ಯಾವ ರಸ್ತೆ ಮುಚ್ಚಿದೆ, ಸಿಡಿಯದ ಬಾಂಬು ಉಳಿದಿದೆಯೇ. ಟೆಲಿಫೋನ್ ಸತ್ತಿದ್ದರೆ ಸೈಕಲ್ ತುಳಿಯುವ ಹುಡುಗನ ಕೈಲಿ ಚೀಟಿ ಕಳಿಸುತ್ತಿದ್ದರು. ಇಡೀ ತರಬೇತಿ ವಾರ್ಡನ್‌ನ ಕಣ್ಣನ್ನು ಗಾಯಗೊಂಡ ಒಬ್ಬರಿಂದ ಎತ್ತಿ ಇಡೀ ಘಟನಾ ಸ್ಥಳದ ಮೇಲೆ ಇಡುವಂತೆ ರೂಪಿಸಿದ್ದಾಗಿತ್ತು. ಎದುರಿಗೆ ನರಳುವವರಿದ್ದರೆ ಅದು ಎಷ್ಟು ಕಷ್ಟವೋ, ನರಳುತ್ತಿರುವವರು ತಾವೇ ಆದಾಗ ಅದೇ ಕ್ರಮವನ್ನು ಪಾಲಿಸುವುದು ಇನ್ನೊಂದು ಮಟ್ಟದ್ದು. ಮೈಲ್ಸ್ ಅವರು ಸಹೋದ್ಯೋಗಿಗೆ ಕೊಟ್ಟದ್ದು, ಒಂದು ಅರ್ಥದಲ್ಲಿ, ಆ ವರದಿಯ ಒಂದು ಸಾಲು.

ತಿಂಗಳುಗಟ್ಟಲೆ ವಿಷಾನಿಲದ ವಾಸನೆಯ ಪಾಠ ಕೇಳಿದ್ದ ವಾರ್ಡನ್‌ಗಳಿಗೆ ಕೊನೆಗೆ ಎದುರಾದ ಅನಿಲ, ತಮ್ಮದೇ ಬೀದಿಯ ಅಡುಗೆಮನೆಗಳಿಗೆ ಹೋಗುತ್ತಿದ್ದ ಗ್ಯಾಸ್.

ಪದಕ ಮತ್ತು ಪಟ್ಟಿ

ಮೈಲ್ಸ್ ಅವರು ಗಾಯಗೊಂಡಾಗ ಅವರಿಗೆ ಸಂದ ಪದಕ ಇನ್ನೂ ಹುಟ್ಟಿಯೇ ಇರಲಿಲ್ಲ. ಯುದ್ಧಭೂಮಿಯ ಶೌರ್ಯಕ್ಕೆ ವಿಕ್ಟೋರಿಯಾ ಕ್ರಾಸ್ ಇತ್ತು. ಆದರೆ ಯುದ್ಧಭೂಮಿ ಎಂಬುದೇ ಜನರ ಮನೆಬಾಗಿಲಿಗೆ ಬಂದಾಗ ನಾಗರಿಕರಿಗೆ ಸಲ್ಲುವಂಥ ಅಷ್ಟೇ ಎತ್ತರದ ಗೌರವ ಇರಲಿಲ್ಲ. ಸೆಪ್ಟೆಂಬರ್ 23ರಂದು ದೊರೆ ಆರನೆಯ ಜಾರ್ಜ್ ರೇಡಿಯೋ ಭಾಷಣದಲ್ಲಿ ಹೊಸ ಪದಕವನ್ನು ಘೋಷಿಸಿದರು. ಅದರ ಆಜ್ಞಾಪತ್ರದ ತಾರೀಖು ಸೆಪ್ಟೆಂಬರ್ 24, ಅಂದರೆ ಇಲ್ಫರ್ಡ್‌ನ ಘಟನೆಯಾದ ಮೂರು ದಿನಕ್ಕೆ. ಬೆಳ್ಳಿಯ ಶಿಲುಬೆ, ನಡುವೆ ಡ್ರ್ಯಾಗನ್ ಕೊಲ್ಲುವ ಸೇಂಟ್ ಜಾರ್ಜ್, ಕಡುನೀಲಿ ಪಟ್ಟಿ. ಸೆಪ್ಟೆಂಬರ್ 30ರ ಮೊದಲ ಪಟ್ಟಿಯಲ್ಲಿ ಬ್ರಿಡ್ಲಿಂಗ್ಟನ್ ಪಟ್ಟಣದ ಎ.ಆರ್.ಪಿ. ರಕ್ಷಣಾ ತಂಡದ ನಾಯಕ ಥಾಮಸ್ ಆಲ್ಡರ್ಸನ್ ಅವರೂ, ಸೇಂಟ್ ಪಾಲ್ಸ್ ಬಾಂಬಿನ ರಾಬರ್ಟ್ ಡೇವಿಸ್ ಅವರೂ ಇದ್ದರು. ಮೈಲ್ಸ್ ಅವರ ಹೆಸರು ಬಂದದ್ದು 1941ರ ಜನವರಿಯಲ್ಲಿ.

ಹೀಗೆ ಹೆಸರು ಗೆಜೆಟ್‌ಗೆ ಬಂದವರು ತೀರ ಕೆಲವರು. ಯುದ್ಧದ ಅವಧಿಯಲ್ಲಿ ಬ್ರಿಟನ್ನಿನಲ್ಲಿ ಕರ್ತವ್ಯದ ಮೇಲೆ ಸತ್ತ ನಾಗರಿಕ ರಕ್ಷಣಾ ಸಿಬ್ಬಂದಿಯ ಸಂಖ್ಯೆ ಏಳು ಸಾವಿರದ ಹತ್ತಿರ ಹೋಗುತ್ತದೆ. ವಾರ್ಡನ್ ಎಂಬ ಹುದ್ದೆ ಮಾತ್ರ ಅಳಿಯಲಿಲ್ಲ. ನಮ್ಮಲ್ಲೂ 1968ರ ನಾಗರಿಕ ರಕ್ಷಣಾ ಕಾಯಿದೆಯ ಅಡಿಯ ಸಂಘಟನೆಯಲ್ಲಿ ವಾರ್ಡನ್ ಸೇವೆ ಒಂದು ಅಂಗ. 2025ರ ಮೇ 7ರಂದು ದೇಶದಾದ್ಯಂತ ನಾಗರಿಕ ರಕ್ಷಣೆಯ ಅಣಕು ಕವಾಯತು ನಡೆದಾಗ ಬೆಂಗಳೂರಿನಲ್ಲೂ ಸೈರನ್ ಕೂಗಿತು.

ಗೆಜೆಟ್‌ಗೆ ಬಾರದೆ ಸತ್ತ ಉಳಿದವರ ಹೆಸರುಗಳು ಇರುವುದು ಇನ್ನೊಂದು ಕಡೆ. ಸೈನಿಕರ ಸಮಾಧಿಗಳನ್ನು ನೋಡಿಕೊಳ್ಳುತ್ತಿದ್ದ ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್‌ನ ಫೇಬಿಯನ್ ವೇರ್ ಅವರು, ಬಾಂಬಿಗೆ ಬಲಿಯಾದ ನಾಗರಿಕರ ಹೆಸರುಗಳನ್ನೂ ದಾಖಲಿಸಬೇಕೆಂದು ಬ್ಲಿಟ್ಜ್ ನಡೆಯುತ್ತಿರುವಾಗಲೇ ಚರ್ಚಿಲ್ ಅವರನ್ನು ಒತ್ತಾಯಿಸಿದರು. ಅದರಿಂದ ಸಿದ್ಧವಾದ ಏಳು ಸಂಪುಟಗಳ ಪಟ್ಟಿಯನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಇರಿಸಲಾಗಿದೆ. ಒಟ್ಟು ಹೆಸರು 66,000ಕ್ಕೂ ಹೆಚ್ಚು. ಪಟ್ಟಿ ಊರುವಾರು ಜೋಡಣೆಯಾಗಿದೆ. ಹೆಸರು, ವಯಸ್ಸು, ಮನೆಯ ವಿಳಾಸ, ಸತ್ತ ಸ್ಥಳ. ವಾರ್ಡನ್ ಆಗಿದ್ದರೆ ಅದೂ. ಗಂಡ, ಹೆಂಡತಿ, ಮೂರು ಮಕ್ಕಳು ಒಂದೇ ಮನೆಯ ಸಂಖ್ಯೆಯ ಎದುರು ಒಬ್ಬರ ಕೆಳಗೊಬ್ಬರು ಬರುವ ಪುಟಗಳಿವೆ. ಯಾವ ಮನೆಯಲ್ಲಿ ಯಾರಿದ್ದರು ಎಂಬ ವಾರ್ಡನ್‌ನ ಟಿಪ್ಪಣಿ ಪುಸ್ತಕದಲ್ಲಿದ್ದ ವಿವರಗಳೂ ಬಹುಮಟ್ಟಿಗೆ ಇವೇ.